ಸುಬ್ಬಪ್ಪನ ಮೈಲಿಗೆ

ಹಾವು ಸಾಕಿದ ಮನೆಗೆ ಬಂದವರು ಮೊದಲು ಕೇಳುವುದು 'ಕಚ್ಚುತ್ತಾ?' ಎಂದು. ಆಮೇಲೆ ಕೇಳುವುದು 'ಈಗ ಎಲ್ಲಿದೆ?' ಎಂದು. ಅಷ್ಟು ಹೊತ್ತಿಗೆ ಅವರ ಎರಡೂ ಕಾಲು ಸೋಫಾದ ಮೇಲಿರುತ್ತವೆ. 'ಅದರ ಮೈಮೇಲೆ ಏನಾದರೂ ಹರಿದಾಡುತ್ತಿದೆಯಾ?' ಎಂದು ಮಾತ್ರ ಈವರೆಗೆ ಯಾರೂ ಕೇಳಿಲ್ಲ. ನಿಜವಾಗಿ ಹೆದರಬೇಕಾದದ್ದು ಅದಕ್ಕೇ.

ನಾವಿರುವುದು ಶಿಕಾಗೋದ ಹೊರವಲಯದಲ್ಲಿ. ಊರಲ್ಲಾಗಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ನಾಗರಹಾವನ್ನಾಗಲಿ ಕೇರೆಹಾವನ್ನಾಗಲಿ ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಕಾಯ್ದೆ ಬಿಟ್ಟರೂ ನಮ್ಮತ್ತೆ ಬಿಡುವುದಿಲ್ಲ. ಇಲ್ಲಿ ವಾರಾಂತ್ಯಕ್ಕೆ ಹಾವು, ಹಲ್ಲಿ, ಆಮೆಗಳ ಸಂತೆಯೇ ಸೇರುತ್ತದೆ. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾವುಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಜನ ಮುಚ್ಚಳ ತೆಗೆಸಿ ನೋಡಿ, ಚೌಕಾಸಿ ಮಾಡಿ ಒಯ್ಯುತ್ತಾರೆ. ಮಗಳ ಬಳಿ ಆಗಲೇ ಪಾಪ್‌ಕಾರ್ನ್ ಎಂಬ ಹೆಸರಿನ ಕಾರ್ನ್ ಸ್ನೇಕ್ ಇತ್ತು. 'ಒಂದೇ ಇದ್ರೆ ಅದಕ್ಕೆ ಬೇಜಾರಾಗಲ್ವಾ, ಪಾಪ' ಎಂಬ, ಹಾವುಗಳ ಮಟ್ಟಿಗೆ ತಲೆಬುಡವಿಲ್ಲದ ವಾದ ಹೂಡಿ ಅವಳು ಆ ಸಂತೆಯಿಂದ ಒಂದು ಬಾಲ್ ಪೈಥಾನ್ ತಂದಳು.

ಇದು ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಕಡೆಯ ಹೆಬ್ಬಾವು. ಹೆಬ್ಬಾವೆಂದರೆ ಕುರಿ ನುಂಗುವಂಥದ್ದಲ್ಲ; ನಾಲ್ಕೈದು ಅಡಿಗೆ ಇದರ ಬೆಳವಣಿಗೆ ಮುಗಿಯುತ್ತದೆ. ಹೆದರಿದರೆ ಕಚ್ಚುವ ಬದಲು ತಲೆಯನ್ನು ಒಳಗೆ ಬಚ್ಚಿಟ್ಟು ಚೆಂಡಾಗಿ ಸುತ್ತಿಕೊಳ್ಳುತ್ತದೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. 'ಅಂದ್ರೆ ಮಗಳು ಮದುವೆಯಾಗಿ ಹೋದ್ಮೇಲೂ ಇದು ನಮ್ಮ ತಲೆಮೇಲೇ' ಎಂದು ಹೆಂಡತಿ ಲೆಕ್ಕ ಹಾಕಿದಳು. ಮಗಳು ಅದಕ್ಕೆ ಮೋಚಾ ಎಂದು ಹೆಸರಿಟ್ಟಳು. ತಿಪಟೂರಿನಿಂದ ಬಂದಿದ್ದ ಅತ್ತೆ ಬಾಗಿಲಾಚೆಯಿಂದಲೇ ಕೈಮುಗಿದು, 'ಕಾಫಿ ಹೆಸರೆಲ್ಲ ಬೇಡಮ್ಮ, ಸುಬ್ಬಪ್ಪ ಅನ್ನು, ದೋಷ ಇರಲ್ಲ' ಎಂದರು.

ಹೊಸ ಹಾವನ್ನು ತಂದ ಕೂಡಲೇ ಹಳೆಯದರ ಹತ್ತಿರ ಬಿಡುವಂತಿಲ್ಲ. ಕನಿಷ್ಠ ಒಂದು ತಿಂಗಳು ದೂರವಿಡಬೇಕು, ಮೂರು ತಿಂಗಳಾದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ ಬಲ್ಲವರು. ಕೋಣೆ ಬೇರೆ, ನೀರಿನ ಬಟ್ಟಲು ಬೇರೆ, ಇಕ್ಕಳ ಬೇರೆ. ಮೊದಲು ಹಳೆಯ ಹಾವಿನ ಚಾಕರಿ ಮುಗಿಸಿಯೇ ಹೊಸದರ ಕೋಣೆಗೆ ಹೋಗಬೇಕು. ಅಲ್ಲಿಂದ ಬಂದವರು ಕೈ ತೊಳೆದು ಬಟ್ಟೆ ಬದಲಾಯಿಸದೆ ಈಚೆ ಏನನ್ನೂ ಮುಟ್ಟುವಂತಿಲ್ಲ. ಕ್ವಾರಂಟೈನ್ ಎಂದರೆ ಏನೆಂದು ಮಗಳು ಇಷ್ಟನ್ನೂ ಬಿಡಿಸಿ ಹೇಳುತ್ತಿದ್ದಾಗ ಅತ್ತೆ ನಡುವೆಯೇ ಬಾಯಿ ಹಾಕಿದರು: 'ಇದಕ್ಕೆ ಇಷ್ಟು ಪುರಾಣ ಯಾಕೆ? ಮಡಿ ತಾನೆ?'

ಅಲ್ಲಿಂದ ಮುಂದೆ ಮನೆ ಅವರದಾಯಿತು. ಅಡಿಗೆಮನೆಯಲ್ಲಿ ಮಡಿ ನಡೆಸಲು ಹೋಗಿ ಮಗಳ ಕೈಯಲ್ಲಿ ಸೋತಿದ್ದ ಅವರಿಗೆ ಅಮೆರಿಕದ ಪಶುವೈದ್ಯಶಾಸ್ತ್ರದ ಬೆಂಬಲವೇ ಸಿಕ್ಕಿಬಿಟ್ಟಿತ್ತು. 'ಅಳಿಯಂದಿರೇ, ಆ ಕೋಣೆ ಚಿಲಕ ಮುಟ್ಟಿದ್ದೀರಿ, ಈ ಕಡೆ ಬರಬೇಡಿ.' 'ಫೋನು ಒಳಗೆ ತಗೊಂಡು ಹೋಗಿದ್ರಾ? ಹಾಗಿದ್ರೆ ಅದೂ ಮೈಲಿಗೆ.' ಮನುಷ್ಯರ ನಡುವೆ ಮಡಿ ಮಾಡಿರುವ ಅನ್ಯಾಯ ಸಣ್ಣದಲ್ಲ. ಹಾವುಗಳ ನಡುವೆಯಾದರೂ ಅದಕ್ಕೊಂದು ಸರಿಯಾದ ಕಾರಣ ಸಿಕ್ಕಿತಲ್ಲ ಎಂದುಕೊಂಡು ನಾನು ಬಾತ್‌ರೂಮಿಗೆ ನಡೆದೆ.

ಸುಬ್ಬಪ್ಪನ ಗಾಜಿನ ಪೆಟ್ಟಿಗೆಯಲ್ಲಿ ಮರದ ಚಕ್ಕೆ, ಪಾಚಿ, ಅಲಂಕಾರ ಒಂದೂ ಇಲ್ಲ. ನೆಲಕ್ಕೆ ಬರೀ ಬಿಳಿ ಪೇಪರ್ ಟವೆಲ್. ಬಿಳಿಯ ಮೇಲೆ ಏನು ಹರಿದಾಡಿದರೂ ಕಣ್ಣಿಗೆ ಬೀಳಲಿ ಎಂದು ಈ ಏರ್ಪಾಡು. ಆದರೆ ಅವನು ನೀರಿನ ಬಟ್ಟಲು ಬಿಟ್ಟು ಈಚೆಗೆ ಬರುತ್ತಲೇ ಇರಲಿಲ್ಲ. ಮೂಗಿನ ತುದಿಯೊಂದನ್ನು ಮೇಲಿಟ್ಟು ಇಡೀ ದಿನ ಮುಳುಗಿರುತ್ತಿದ್ದ. 'ಎಷ್ಟು ನಿಷ್ಠೆ ನೋಡಿ, ಮೂರು ಹೊತ್ತೂ ಸ್ನಾನ' ಎಂದು ಅತ್ತೆ ಮೆಚ್ಚಿಕೊಂಡರು. ಇನ್ನಷ್ಟು ಮೆಚ್ಚಲೆಂದು ಕನ್ನಡಕ ಹಾಕಿಕೊಂಡು ಗಾಜಿನ ಹತ್ತಿರ ಬಗ್ಗಿದವರು, 'ಯಾರೇ ಇಲ್ಲಿ ರಾಗಿ ಚೆಲ್ಲಿದ್ದು?' ಎಂದರು. ಮರುಕ್ಷಣವೇ ಕೂಗಿದರು: 'ಅಯ್ಯೋ, ರಾಗಿ ನಡೀತಿದೆ!'

ಅದು ಹಾವಿನ ನುಸಿ. ಶಾಸ್ತ್ರದ ಹೆಸರು ಓಫಿಯೋನಿಸಸ್ ನ್ಯಾಟ್ರಿಸಿಸ್. ಉದ್ದ ಸುಮಾರು ಒಂದು ಮಿಲಿಮೀಟರ್, ಕೆಲಸ ರಕ್ತ ಹೀರುವುದು. ಗದ್ದದ ಕೆಳಗಿನ ಸೀಳು, ಕಣ್ಣಿನ ಸುತ್ತ, ಪೊರೆಪೊರೆಯಾದ ಚರ್ಮದ ಸಂದು, ಎಲ್ಲೆಲ್ಲಿ ಮರೆಯಿದೆಯೋ ಅಲ್ಲೆಲ್ಲ ಅದರ ಬಿಡಾರ. ಮೊಟ್ಟೆಯನ್ನು ಮಾತ್ರ ಹಾವಿನ ಮೈಮೇಲೆ ಇಡುವುದಿಲ್ಲ. ಇಳಿದು ಬಂದು, ಪೆಟ್ಟಿಗೆಯ ಬಿರುಕಿನಲ್ಲೋ ಗೋಡೆಯ ಸಂದಿನಲ್ಲೋ, ಕತ್ತಲೂ ತೇವವೂ ಇರುವ ಕಡೆ ಇಟ್ಟು ಬರುತ್ತದೆ. ಕೋಣೆ ಬೆಚ್ಚಗಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಮೊಟ್ಟೆ ಮರಿಯಾಗಿ, ಮರಿ ತಾಯಿಯಾಗುತ್ತದೆ. ಕಡಿತ ತಾಳಲಾರದೆ ಹಾವು ನೀರಿಗಿಳಿಯುತ್ತದೆ. ನಮಗೆ ಸೊಳ್ಳೆ ಕಚ್ಚಿದರೆ ಕೆರೆದುಕೊಳ್ಳಲು ಹತ್ತು ಬೆರಳಿವೆ. ಮೈಯುದ್ದಕ್ಕೂ ತುರಿಕೆಯಿಟ್ಟು ಒಂದು ಕೈಯನ್ನೂ ಕೊಡದ ದೇವರ ಬಗ್ಗೆ ಹಾವು ಏನೆಂದುಕೊಳ್ಳುತ್ತದೋ.

ತಿಪಟೂರಿನವರಿಗೆ ನುಸಿ ಹೊಸದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ನಮ್ಮ ತೋಟಗಳಿಗೂ ನುಗ್ಗಿ ಕಾಯಿಗಳನ್ನು ಸೊರಗಿಸಿದ್ದನ್ನು ಅತ್ತೆ ಕಣ್ಣಾರೆ ಕಂಡವರು. 'ಬೇವಿನೆಣ್ಣೆ ಹೊಡೀರಿ' ಎಂದು ಆ ಅನುಭವದ ಮೇಲೆ ತೀರ್ಪು ಕೊಟ್ಟರು. ಹಾವಿನ ವೈದ್ಯೆ ಒಪ್ಪಲಿಲ್ಲ. ಬೇವಿನೆಣ್ಣೆಯ ಬದಲು ಬೇರೆ ಮದ್ದು ಬರೆದುಕೊಟ್ಟರು; ಮೊಟ್ಟೆಗಳಿಗೆ ಅದು ನಾಟದ ಕಾರಣ ಮರಿಗಳು ಹೊರಬಂದ ಮೇಲೆ ಮತ್ತೆ ಹಾಕಬೇಕೆಂದರು. ಪರ್ಮೆಥ್ರಿನ್ ಇರುವ ಔಷಧ ಬೆಕ್ಕಿಗೆ ವಿಷ, ಐವರ್ಮೆಕ್ಟಿನ್ ಆಮೆಗೆ ಪ್ರಾಣಾಂತಿಕ, ಹಾಗಾಗಿ ಯಾರೋ ಹೇಳಿದ್ದನ್ನೆಲ್ಲ ತಂದು ಹೊಡೆಯಬೇಡಿ ಎಂದೂ ಎಚ್ಚರಿಸಿದರು. ಪೇಪರ್ ಟವೆಲ್ ಪ್ರತಿದಿನ ಕಸಕ್ಕೆ ಹೋಯಿತು. ಪಾಪ್‌ಕಾರ್ನ್ ಏರುತ್ತಿದ್ದ ಕೊಂಬೆಯನ್ನು, ಎಲ್ಲಿ ಅಲ್ಲಿಗೂ ಹಬ್ಬಿದೆಯೋ ಎಂದು, ಚೀಲದಲ್ಲಿ ಕಟ್ಟಿ ಫ್ರೀಜರಿಗೆ ತುರುಕಿದೆವು. ಹಾವುಗಳ ಊಟಕ್ಕೆ ತಂದ ಇಲಿಗಳು ಅಲ್ಲಿ ಅವರೆಕಾಳಿನ ಹಿಂದೆ ಮೊದಲೇ ಅಡಗಿದ್ದವು. ಹೆಂಡತಿ ಅಂದಿನಿಂದ ತೆಂಗಿನ ತುರಿಯನ್ನು ಅಂಗಡಿಯಿಂದ ಬೇಕೆಂದಾಗಷ್ಟೇ ತರುತ್ತಾಳೆ.

ಇಷ್ಟು ಸಾಲದೆಂದು ಮಗಳು ಪಾಪ್‌ಕಾರ್ನ್‌ನ ಕಾವಲಿಗೆ ನುಸಿ ತಿನ್ನುವ ನುಸಿಗಳನ್ನು ಅಂಚೆಯಲ್ಲಿ ತರಿಸಿದಳು. ಮಣ್ಣಿನಲ್ಲಿ ಬದುಕುವ ಈ ಸ್ಟ್ರಾಟಿಯೋಲೇಲಾಪ್ಸ್ ಹಾವಿನ ತಂಟೆಗೆ ಹೋಗದೆ ತನಗಿಂತ ಮೆತ್ತಗಿನ ನುಸಿಗಳನ್ನೂ ಹುಳುಗಳನ್ನೂ ಬೇಟೆಯಾಡುತ್ತದೆ. ತಿನ್ನಲು ಏನೂ ಸಿಗದಿದ್ದಾಗ ತಾನೂ ಇಲ್ಲವಾಗುತ್ತದೆ. 'ದುಡ್ಡು ಕೊಟ್ಟು ನುಸಿ ತರಿಸ್ತಾರಾ!' ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಈ ಗಲಾಟೆಯಲ್ಲಿ ಯಾರೂ ಗಮನಿಸದೆ ಒಂದು ಸಂಗತಿ ನಡೆದುಹೋಗಿತ್ತು. ಬಾಗಿಲಾಚೆ ನಿಂತು ಕೈಮುಗಿಯುತ್ತಿದ್ದ ಅತ್ತೆ ಈಗ ಕೋಣೆಯೊಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ಹತ್ತಿಕಡ್ಡಿ, ಇನ್ನೊಂದರಲ್ಲಿ ಟಾರ್ಚು. 'ಗದ್ದ ಎತ್ತಪ್ಪ ಸುಬ್ಬಪ್ಪ, ಹೆದರಬೇಡ' ಎಂದು ಮಗಳ ತೋಳಿಗೆ ಸುತ್ತಿಕೊಂಡಿದ್ದ ಹಾವಿನ ದವಡೆಯಡಿಯಿಂದ ಒಂದೊಂದೇ ನುಸಿಯನ್ನು ಎಬ್ಬಿಸಿ ತೆಗೆಯುತ್ತಿದ್ದರು. ನಮ್ಮ ಮನೆತನಗಳಲ್ಲಿ ಹಾವನ್ನು ಕಂಡರೆ ಓಡುವವರಿದ್ದಾರೆ, ಅಡ್ಡಬೀಳುವವರಿದ್ದಾರೆ; ಎರಡು ಬಗೆಯವರೂ ಆ ಹೊತ್ತಿನಲ್ಲಿ ಕಣ್ಣು ಮುಚ್ಚಿರುತ್ತಾರೆ. ಹಾವಿನ ಕಣ್ಣಿಗೆ ರೆಪ್ಪೆಯಿಲ್ಲ ಎಂಬುದನ್ನು ಇಷ್ಟು ವರ್ಷ ನಾಗಪ್ಪನಿಗೆ ನಡೆದುಕೊಂಡ ಅತ್ತೆ ನೋಡಿದ್ದು ನುಸಿ ಹುಡುಕುವಾಗ. 'ಅಯ್ಯೋ ಪಾಪ, ನಿದ್ದೆ ಹೇಗೆ ಮಾಡುತ್ತೆ?' ಎಂದು ಕೇಳಿದರು. ದೇವರ ಬಗ್ಗೆ ಅವರು ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಮೈಲಿಗೆ ಕಳೆದು ಸುಬ್ಬಪ್ಪ ಮನೆಯ ಮುಖ್ಯ ಕೋಣೆಗೆ ಬರುವ ಮೊದಲೇ ಅತ್ತೆ ಊರಿಗೆ ಮರಳಿದರು. ಮಗಳಿಗೆ ಫೋನು ಮಾಡಿದರೆ ಮೊದಲ ಮಾತು 'ಪೇಪರ್ ಮೇಲೆ ಚುಕ್ಕೆ ಇದೆಯೇನೆ?' ಎಂದು, ನಮ್ಮ ಆರೋಗ್ಯದ ಸರದಿ ಆಮೇಲೆ.

ನಾಗರಪಂಚಮಿಯ ದಿನ ಅರಳಿಕಟ್ಟೆಯ ಬಳಿ ಅವರು ಒಂದು ಭಾಷಣವನ್ನೇ ಮಾಡಿದರಂತೆ. 'ತನಿ ಎರೆಯೋದು ಕಲ್ಲಿಗೆ ಎರೀರಿ, ಹುತ್ತಕ್ಕೆ ಬೇಡ. ಅದು ಹಾಲು ಕುಡಿಯಲ್ಲ, ಒಳಗೆ ತೇವ ಆದ್ರೆ ನುಸಿ ಹೆಚ್ಚುತ್ತೆ.' ಹಾವು ಹಾಲು ಕುಡಿಯುವುದಿಲ್ಲವೆಂದು ಮದುವೆಯಾದಾಗಿನಿಂದ ನಾನು ಹೇಳುತ್ತ ಬಂದಿದ್ದೆ, ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ನುಸಿಯ ಮಾತಿಗೆ ಬೆಲೆ ಬಂತು. ಪೂಜೆ ಮುಗಿದ ಮೇಲೆ ನಾಗರಕಲ್ಲನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಟಾರ್ಚು ಬಿಟ್ಟು ಹೆಡೆಯ ಕೆಳಗೂ ಒಮ್ಮೆ ನೋಡಿಯೇ ಮನೆಗೆ ಬಂದರಂತೆ.