ಮನೆಸಾಲ: ಬಿಚ್ಚುವ, ಜೋಡಿಸುವ, ಬಂದ್ ಮಾಡುವ ಕ್ರಮ

ಈ ಕೈಪಿಡಿಯನ್ನು ಟಿ.ವಿ. ಬಂದ್ ಮಾಡಿ, ಮನೆಮಂದಿಯೆಲ್ಲ ಕೂತು ಗಟ್ಟಿಯಾಗಿ ಓದತಕ್ಕದ್ದು. ಒಬ್ಬರೇ ಓದಿಕೊಂಡು ಉಳಿದವರಿಗೆ ಸಾರಾಂಶ ಹೇಳಿದರೆ ಉಪಕರಣ ನಡೆಯುವುದಿಲ್ಲ. ಸಾರಾಂಶ ಹೇಳುವವರು ತಮ್ಮ ಸಾಲ ಬಿಟ್ಟು ಬೇರೆಯವರದಷ್ಟೇ ಹೇಳುತ್ತಾರೆ.

ಬಳ್ಳಾರಿಯಲ್ಲೊಂದು ಬಾಡಿಗೆ ಮನೆ, ಸಿರುಗುಪ್ಪದ ಕಡೆ ನಾಲ್ಕೆಕರೆ ಗದ್ದೆ, ಕುರುಗೋಡಿನಲ್ಲಿ ಹಿರಿಯರ ಮನೆ, ಹೀಗೆ ಚದುರಿದ ಕುಟುಂಬಗಳಿಗೆಂದೇ ಇದನ್ನು ತಯಾರಿಸಲಾಗಿದೆ. ಬೇರೆ ಜಿಲ್ಲೆಯವರೂ ಬಳಸಬಹುದು. ತಂಪು ಊರಿನವರು ಫ್ಯಾನಿನ ಭಾಗ ಬಿಟ್ಟು ಓದಲಿ. ಬಡ್ಡಿಯ ಭಾಗವನ್ನು ಯಾವ ಊರಿನವರೂ ಬಿಡುವಂತಿಲ್ಲ.

ಬಿಡಿಭಾಗಗಳು

ಉಪಕರಣ ಒಂದೇ ಡಬ್ಬಿಯಲ್ಲಿ ಬರುವುದಿಲ್ಲ. ಮೊದಲು ಭಾಗಗಳನ್ನು ಹುಡುಕಿ ತೆಗೆಯಬೇಕು.

ಅವ್ವನ ಹತ್ತಿರ ಸಂಘದ ಪಾಸ್‌ಬುಕ್ಕು, ಫೈನಾನ್ಸಿನವರ ಕಂತಿನ ಕಾರ್ಡು ಇರುತ್ತವೆ. ಒಂದೇ ಕಾರ್ಡು ಅಂದರೆ ಎರಡಿವೆ ಎಂದು ತಿಳಿಯತಕ್ಕದ್ದು. ಅಪ್ಪನ ಅಂಗಿಯ ಒಳಜೇಬಿನಲ್ಲಿ ಗೊಬ್ಬರದ ಅಂಗಡಿಯ ಉದ್ರಿ ಚೀಟಿ, ಬೆವರಿಗೆ ಅಕ್ಷರ ಅಳಿಸಿರುತ್ತದೆ, ಮೊತ್ತ ಮಾತ್ರ ಅಳಿಸಿರುವುದಿಲ್ಲ. ಸಿರುಗುಪ್ಪದ ಅಣ್ಣನದು ದಲಾಲಿ ಅಂಗಡಿಯ ಲೆಕ್ಕ. ಅದರಲ್ಲಿ ಅರ್ಧ ಅವನ ತಲೆಯಲ್ಲಿದೆ, ಅರ್ಧ ದಲಾಲರ ಪುಸ್ತಕದಲ್ಲಿದೆ, ಎರಡೂ ತಾಳೆಯಾಗುವುದಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ತಮ್ಮನ ಹತ್ತಿರ ಕಾಗದವೇ ಇಲ್ಲ. ಬೈಕಿನ ಇಎಂಐ, ಫೋನಿನ ಇಎಂಐ, ಆ ಫೋನಿನೊಳಗೆ ಆ್ಯಪ್ ಸಾಲ, ಎಲ್ಲವೂ ಕೈಯಳತೆಯ ಗಾಜಿನ ಹಿಂದೆ ಇದೆ, ಲಾಕ್ ಹಾಕಿ ಇಟ್ಟಿದ್ದಾನೆ.

ಸೊಸೆಯ ಬಂಗಾರ ಬಿಡಿಭಾಗಗಳ ಪಟ್ಟಿಯಲ್ಲಿಲ್ಲ. ಮುಂದೆ ಅದರ ಮಾತು ಬರುತ್ತದೆ. ಕೇಳದೆ ಯಾರೂ ಅತ್ತ ನೋಡತಕ್ಕದ್ದಲ್ಲ.

ಜೋಡಣೆ

ಎಲ್ಲರೂ ಒಂದು ಊರಿಗೆ ಬರಬೇಕು. ಶಕ್ತಿ ಯೋಜನೆಯಿಂದ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಗಂಡಸರಿಗಿದೆ. ಹಾಗಾಗಿ ಗಂಡಸರು ಜಾಸ್ತಿ ಇರುವ ಊರಿಗೇ ಹೆಂಗಸರು ಹೋಗುವುದು ಅಗ್ಗ. ಉಳಿತಾಯ ಇಲ್ಲಿಂದಲೇ ಶುರುವಾಗಲಿ.

ಚಾಪೆ ಹಾಸಿ. ಕುರ್ಚಿ ಬೇಡ, ಕುರ್ಚಿಯಲ್ಲಿ ಕೂತವರು ತೀರ್ಪು ಕೊಡಲು ಶುರು ಮಾಡುತ್ತಾರೆ. ಮೊದಲು ಹಿರಿಯರು ತಮ್ಮ ಸಾಲ ಹೇಳಬೇಕು. ಕಿರಿಯರಿಂದ ಶುರು ಮಾಡಿದರೆ ಬೈಗುಳ ಹೊರಗೆ ಬಿದ್ದು ಸಾಲ ಒಳಗೇ ಉಳಿಯುತ್ತದೆ. ಜೋಡಣೆ ಸರಿಯಾಗಿ ನಡೆದರೆ ಕೇಳಿಬರುವ ಶಬ್ದ ಹೀಗಿರುತ್ತದೆ:

"ಇಷ್ಟ ಏನವ್ವಾ?"

"ಇಷ್ಟನಪ್ಪ."

"ಇನ್ನೊಂದ್ಸಲ ನೋಡವ್ವಾ."

"ಹಿಂದಿನ ಮನಿ ಅಕ್ಕನ ಹೆಸರ್‌ಲೆ ಒಂದು ತಗೊಂಡೀನಿ. ನನ್ನ ಹೆಸರಿಗೆ ಕೊಡಲ್ಲ ಅಂದ್ರು."

ಈ ಹಂತದಲ್ಲಿ ಯಾರೂ "ಅಯ್ಯೋ" ಅನ್ನಬಾರದು. ಅಂದರೆ ಮುಂದಿನವರ ಬಾಯಿ ಮುಚ್ಚುತ್ತದೆ, ಮತ್ತೆ ಮೊದಲಿನಿಂದ ಚಾಪೆ ಹಾಸಬೇಕಾಗುತ್ತದೆ.

ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ಬರೆಯಿರಿ: ಯಾರಿಗೆ ಕೊಡಬೇಕು, ಅಸಲು ಎಷ್ಟು ಉಳಿದಿದೆ, ಬಡ್ಡಿ ಎಷ್ಟು, ಯಾರ ಹೆಸರಿನಲ್ಲಿದೆ. "ಯಾತಕ್ಕೆ ತಂದದ್ದು" ಎಂಬ ಐದನೇ ಸಾಲು ಎಳೆಯಲು ಕೈ ತುರಿಸುತ್ತದೆ, ಎಳೆಯಬೇಡಿ. ಜಗಳವೆಲ್ಲ ಅಲ್ಲಿದೆ. ನಾಲ್ಕನೇ ಸಾಲನ್ನು ಮಾತ್ರ ಎರಡು ಸಲ ಓದಿ. ಬೋರು ಕೊರೆಸಿದ್ದು ಅಪ್ಪ, ಬೈಕ್ ಏರಿದ್ದು ತಮ್ಮ, ಮದುವೆ ಊಟ ಉಂಡದ್ದು ಊರು. ಕಾಗದದ ಮೇಲಿನ ಹೆಸರು ಬಹುಮಟ್ಟಿಗೆ ಹೆಂಗಸರದು. ಕಂತು ವಸೂಲಿಗೆ ಬಂದವರು ಕೂಗುವುದೂ ಅದೇ ಹೆಸರು.

ವಿದ್ಯುತ್ ವಿಭಾಗ

ಸರ್ಕಾರದ ಬಿಟ್ಟಿ ಕರೆಂಟಿನ ಗೃಹಜ್ಯೋತಿ ಯೋಜನೆ ಇದ್ದವರು ಬಿಲ್ಲಿನ ಮಾತೇ ಇಲ್ಲ ಎಂದು ಪುಟ ತಿರುವಬಹುದು. ಸ್ವಲ್ಪ ತಡೆಯಿರಿ. 200 ಯೂನಿಟ್‌ವರೆಗೆ ಎಲ್ಲರಿಗೂ ಬಿಟ್ಟಿ ಎಂಬುದು ಕೇಳಿಕೆಯ ಮಾತು. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ 110 ಯೂನಿಟ್ ಉರಿಸಿದ್ದರೆ, ಅದಕ್ಕೆ ಶೇಕಡಾ 10 ಸೇರಿಸಿ 121 ನಿಮ್ಮ ಪಾಲು. ಅಲ್ಲಿಂದ 200ರವರೆಗೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಹಿಡಿದರೂ 201ನೇ ಯೂನಿಟ್ಟು ಏಳುನೂರು ರೂಪಾಯಿ ಮೇಲಿನ ಯೂನಿಟ್ಟು.

ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ಫ್ಯಾನ್ ಆರಿಸಿ ಎಂದು ಬರೆಯುವ ಧೈರ್ಯ ಈ ಕೈಪಿಡಿಗಿಲ್ಲ. ಲೆಕ್ಕ ಮಾತ್ರ ಹೇಳುತ್ತದೆ: 75 ವಾಟಿನ ಹಳೆ ಫ್ಯಾನು ದಿನಕ್ಕೆ 18 ತಾಸು ತಿರುಗಿದರೆ ತಿಂಗಳಿಗೆ 40 ಯೂನಿಟ್. ಮೂರು ಫ್ಯಾನಿಗೆ 120, ಅಂದರೆ ಪಾಲು ಅಲ್ಲಿಗೇ ಮುಗಿಯಿತು. ಫ್ರಿಜ್ಜು, ಕೂಲರು, ನೀರೆತ್ತುವ ಮೋಟಾರು ಇನ್ನೂ ಸರದಿಯಲ್ಲಿವೆ. 30 ವಾಟಿನ ಬಿಎಲ್‌ಡಿಸಿ ಫ್ಯಾನು ಅಷ್ಟೇ ತಾಸಿಗೆ 16 ಯೂನಿಟ್ ತಿನ್ನುತ್ತದೆ. ಮೂರನ್ನೂ ಒಟ್ಟಿಗೆ ಬದಲಿಸಲು ಸಾಲ ಮಾಡಬೇಡಿ (ಇದನ್ನೂ ಬರೆಯಬೇಕಾಗಿ ಬಂತಲ್ಲ). ರಾತ್ರಿಯೆಲ್ಲ ತಿರುಗುವುದು ಯಾವುದೋ ಅದೊಂದನ್ನು ಮೊದಲು ಬದಲಿಸಿ.

ಮನೆಯಲ್ಲೇ ಜೀನ್ಸ್ ಹೊಲಿಯುವವರಿಗೆ ಇನ್ನೊಂದು ಮಾತು. ಹಳೆ ಕ್ಲಚ್ ಮೋಟಾರು ಪೆಡಲ್ ಒತ್ತದಿದ್ದರೂ ಒಳಗೆ ಗುಂಯ್ ಎಂದು ತಿರುಗುತ್ತಲೇ ಇರುತ್ತದೆ. ಬಾಬಿನ್ ಸುತ್ತುವಾಗ, ದಾರ ಪೋಣಿಸುವಾಗ, ಎದುರು ಮನೆಯವರ ಜೊತೆ ಮಾತಿಗೆ ನಿಂತಾಗಲೂ ಕರೆಂಟು ಎಳೆಯುತ್ತದೆ. ಸರ್ವೋ ಮೋಟಾರು ಸೂಜಿ ಆಡಿದಾಗ ಮಾತ್ರ ತಿರುಗುತ್ತದೆ. ಸದ್ಯಕ್ಕೆ ಅದು ಕೊಳ್ಳಲಾಗದಿದ್ದರೆ, ಎದ್ದು ಹೋಗುವಾಗ ಸ್ವಿಚ್ ಆರಿಸಲು ಖರ್ಚಿಲ್ಲ.

ಅಡುಗೆಮನೆ

ಇಲ್ಲಿ ಉಳಿಯುವುದು ಕಡಿಮೆ, ಕೆಡುವುದು ಹೆಚ್ಚು. ಸಂಜೆಯ ಒಗ್ಗರಣಿ-ಮಿರ್ಚಿಗೆ ಕೈ ಹಚ್ಚಬೇಡಿ. ಅದನ್ನು ನಿಲ್ಲಿಸಿದ ಮನೆಯಲ್ಲಿ ಮೂರನೇ ದಿನಕ್ಕೆ ಸಾಲ ತೀರಿಸುವ ಉತ್ಸಾಹವೂ ನಿಂತುಹೋಗುತ್ತದೆ.

ಮುಖ್ಯ ಯಂತ್ರ: ಬಡ್ಡಿ

ಚಹಾಪುಡಿಯಲ್ಲಿ ಉಳಿಸಿದ್ದು ಚಮಚದ ಲೆಕ್ಕ. ದುಡ್ಡು ಸೋರುತ್ತಿರುವುದು ಇಲ್ಲಿ. ಹಾಗಾಗಿ ಕೈಪಿಡಿ ಇಲ್ಲಿ ತುಸು ಹೊತ್ತು ನಿಲ್ಲುತ್ತದೆ.

"ನಾಲ್ಕು ರೂಪಾಯಿ ಬಡ್ಡಿ" ಎಂದಾಗ ಕಿವಿಗೆ ಚಿಲ್ಲರೆ ಎನಿಸುತ್ತದೆ. ನೂರಕ್ಕೆ ತಿಂಗಳಿಗೆ ನಾಲ್ಕು, ವರ್ಷಕ್ಕೆ 48. ಐವತ್ತು ಸಾವಿರಕ್ಕೆ ತಿಂಗಳಿಗೆ 2,000. ಅವ್ವನಿಗೆ ಬರುವ ಗೃಹಲಕ್ಷ್ಮಿ ದುಡ್ಡೂ ಅಷ್ಟೇ, 2,000. ಬಂದ ದಿನವೇ ಅದು ಅಡ್ಡಬೀದಿಯ ಸಾಹುಕಾರರ ಮನೆಗೆ ಹೋಗುತ್ತದೆ, ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ. ಲೇವಾದೇವಿ ಮಾಡುವವರು ಭದ್ರತೆಯಿಲ್ಲದ ಸಾಲಕ್ಕೆ ವರ್ಷಕ್ಕೆ ಶೇಕಡಾ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ ಎಂದು ಕರ್ನಾಟಕದ ಕಾನೂನು ಹೇಳುತ್ತದೆ. ನೂರಕ್ಕೆ ತಿಂಗಳಿಗೆ ಒಂದೂಕಾಲು ರೂಪಾಯಿಗಿಂತ ಸ್ವಲ್ಪ ಮೇಲೆ, ಅಷ್ಟೇ.

"ಫ್ಲಾಟ್ 12" ಇನ್ನೊಂದು ಜಾಣ ಭಾಗ. 12,000 ಸಾಲ, ಹನ್ನೆರಡು ಕಂತು, ವರ್ಷದ ಬಡ್ಡಿ 1,440. ಆದರೆ ತಿಂಗಳು ತಿಂಗಳು ಅಸಲು ಕಟ್ಟುತ್ತ ಹೋಗುವುದರಿಂದ ವರ್ಷದುದ್ದಕ್ಕೂ ನಿಮ್ಮ ಕೈಲಿದ್ದ ದುಡ್ಡು ಸರಾಸರಿ 6,500 ಮಾತ್ರ. ನಿಜವಾದ ಬಡ್ಡಿ 21ರ ಮೇಲೆ ಬೀಳುತ್ತದೆ. ಬ್ಯಾಂಕು, ಫೈನಾನ್ಸುಗಳು ಇಂಥ ಸಾಲಕ್ಕೆ ವರ್ಷದ ನಿಜವಾದ ದರವನ್ನು ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಹಾಳೆ ಕೇಳಿ. ಕೇಳಿದ ಕೂಡಲೇ ಎದುರಿನವರ ಮುಖ ಹೇಗಾಗುತ್ತದೆ ಎಂಬುದೂ ಒಂದು ಮಾಹಿತಿ.

ಸಿರುಗುಪ್ಪದ ಅಣ್ಣನ ಸಾಲಕ್ಕೆ ಬಡ್ಡಿ ಕಾಣುವುದೇ ಇಲ್ಲ. "ನಮ್ಮ ದಲಾಲ್ರು ಒಳ್ಳೇರು, ಬಡ್ಡಿ ಕಮ್ಮಿ" ಅನ್ನುತ್ತಾನೆ. ಬೀಜಕ್ಕೆ, ಗೊಬ್ಬರಕ್ಕೆ, ನಾಟಿ ಕೂಲಿಗೆ ಮುಂಗಡ ತಂದ ಮೇಲೆ ಭತ್ತ ಅದೇ ಅಂಗಡಿಗೆ ಹೋಗಬೇಕು, ರೇಟು ಅವರು ಹೇಳಿದ್ದು. 75 ಕಿಲೋ ಚೀಲಕ್ಕೆ ಐವತ್ತು ರೂಪಾಯಿ ಕಡಿಮೆ ಹಿಡಿದರೆ, ಎಕರೆಗೆ 30 ಚೀಲದಂತೆ ನಾಲ್ಕೆಕರೆಗೆ ಆರು ಸಾವಿರ ಹೋಯಿತು. ಅದೂ ಬಡ್ಡಿಯೇ, ಬಡ್ಡಿಯ ಹೆಸರಿಲ್ಲ ಅಷ್ಟೇ. ಸಹಕಾರ ಸಂಘದ ಬೆಳೆಸಾಲಕ್ಕೆ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ, ತಾರೀಕಿಗೆ ಕಟ್ಟಿದರೆ. ನಮ್ಮವರು ಕಟ್ಟುತ್ತಾರೆ: ಕೊನೆಯ ದಿನ ಸಾಹುಕಾರರಿಂದ ವಾರದ ಮಟ್ಟಿಗೆ ಕೈಗಡ ತಂದು ಸೊಸೈಟಿಗೆ ಕಟ್ಟಿ, ಸಾಲ ಹೊಸದು ಮಾಡಿಕೊಂಡು, ಸಾಹುಕಾರರಿಗೆ ಬಡ್ಡಿ ಸೇರಿಸಿ ವಾಪಸ್ ಕೊಡುತ್ತಾರೆ. ಸೊನ್ನೆ ಬಡ್ಡಿ ಸಾಲಕ್ಕೂ ಬಡ್ಡಿ ಕಟ್ಟುವ ಈ ವಿದ್ಯೆ ಯಾವ ಪುಸ್ತಕದಲ್ಲೂ ಸಿಗದು.

ಈಗ ಬಂಗಾರ. ಐವತ್ತು ಸಾವಿರದ ಸಾಲಕ್ಕೆ ನಾಲ್ಕು ರೂಪಾಯಿ ಬಡ್ಡಿ ಓಡುತ್ತಿರುವಾಗ ಟ್ರಂಕಿನಲ್ಲಿ ಸರ ಮಲಗಿದೆ. ಬ್ಯಾಂಕಿನಲ್ಲಿ ಅಡ ಇಟ್ಟರೆ, ಬಡ್ಡಿ ವರ್ಷಕ್ಕೆ ಶೇಕಡಾ 12 ಹಿಡಿದರೂ ತಿಂಗಳಿಗೆ 500. ಅಲ್ಲಿಗೆ 1,500 ಉಳಿಯಿತು, ಯಾರೂ ಚಹಾ ಬಿಡದೆ. ಆದರೆ ಅದು ಸೊಸೆಯ ಸರ. ಅತ್ತೆ ಕೇಳಬಾರದು, ಗಂಡ ಕೇಳಬಾರದು; ಲೆಕ್ಕದ ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟು ಸುಮ್ಮನಿರಬೇಕು. ಅವಳೇ ಲೆಕ್ಕ ಹಾಕಿ ಕೊಟ್ಟರೆ, ಬಿಡಿಸುವ ತಾರೀಕನ್ನು ಅವಳೇ ಬರೆಯಲಿ. ಕೊಡದಿದ್ದರೆ ಮಹಿಳಾ ಸ್ವಸಹಾಯ ಸಂಘಗಳಿಗೆ ಬ್ಯಾಂಕುಗಳು 3 ಲಕ್ಷದವರೆಗೆ ಶೇಕಡಾ 7ಕ್ಕೆ ಕೊಡುವ ಸಾಲದ ದಾರಿ ಇದೆ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿಯೇ ಬಳ್ಳಾರಿಯಲ್ಲಿದೆ. 1976ರಲ್ಲಿ ಇಲ್ಲಿ ಶುರುವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಅದರ ಮೂಲಗಳಲ್ಲೊಂದು. ಇಂಥ ಊರಿನಲ್ಲೂ ಮೀಟರ್ ಬಡ್ಡಿಯವರ ಮನೆ ಗೊತ್ತಿದ್ದಷ್ಟು ಬ್ಯಾಂಕಿನ ಬಾಗಿಲು ಗೊತ್ತಿಲ್ಲ.

ಚಾಲನೆ

ಯಂತ್ರ ಕೆಡುವುದು ಬಹುಪಾಲು ತಪ್ಪು ಜೋಡಣೆಯಿಂದ. ಭತ್ತದ ದುಡ್ಡು ಬೆಳೆ ಬಂದಾಗ ಗಂಟಾಗಿ ಬರುತ್ತದೆ. ಅದನ್ನು ನಂಬಿ ವಾರದ ಕಂತಿನ ಸಾಲ ತಂದಿರುತ್ತಾರೆ. ಹೊಲಿಗೆಯ ಬಟವಾಡೆ ವಾರಕ್ಕೊಮ್ಮೆ. ಆ ದುಡ್ಡಿನಲ್ಲಿ ಕಟ್ಟಬೇಕಾದ ಸಣ್ಣ ಕಂತು ಕಟ್ಟದೆ ಸುಗ್ಗಿಗೆ ಕಾಯುತ್ತಾರೆ. ತಿರುಗಿಸಿ ಜೋಡಿಸಿ. ವಾರದ ಕಂತುಗಳೆಲ್ಲ, ಯಾರ ಹೆಸರಿನವಾದರೂ ಸರಿ, ಬಳ್ಳಾರಿಯ ಹೊಲಿಗೆ ದುಡ್ಡಿನ ಮೇಲೆ ಬರಲಿ. ಭತ್ತದ ಗಂಟು ಬಂದ ದಿನ ಅತಿ ಹೆಚ್ಚು ಬಡ್ಡಿಯ ಸಾಲದ ಅಸಲಿಗೆ ನೇರ ಹೋಗಲಿ, ಮನೆಗೆ ಬರುವುದೇ ಬೇಡ. ಫೈನಾನ್ಸಿನ ಕಿರುಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

ಲೆಕ್ಕಕ್ಕೆ ದೊಡ್ಡ ಬಡ್ಡಿಯೇ ಮೊದಲು. ಒಂದು ಸಲ ಮಾತ್ರ ಈ ನಿಯಮ ಮುರಿಯಬಹುದು: ದಿನಾ ಬಾಗಿಲಿಗೆ ಬಂದು ಅವ್ವನ ಹೆಸರು ಕೂಗುವವರ ಸಾಲ ಸಣ್ಣದಿದ್ದರೆ, ಅದನ್ನೇ ಮೊದಲು ತೀರಿಸಿ. ಬಡ್ಡಿಯಲ್ಲಿ ನಷ್ಟವಾದರೂ ಅವ್ವ ರಾತ್ರಿ ನಿದ್ದೆ ಮಾಡುತ್ತಾಳೆ.

ತೊಂದರೆ ಕಂಡುಬಂದಲ್ಲಿ

*ಸುಟ್ಟ ವಾಸನೆ ಬರುತ್ತಿದ್ದರೆ:* ಯಾರೋ ಹಳೆ ಸಾಲ ತೀರಿಸಲು ಹೊಸ ಸಾಲ ತಂದಿದ್ದಾರೆ. ತಮ್ಮನ ಫೋನ್ ನೋಡಿ.

*ಬೆಳೆ ಕೈಕೊಟ್ಟರೆ:* 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ನೀರು ಹರಿದುಹೋಯಿತು. ಕಂತಿನ ತಾರೀಕು ಹರಿದುಹೋಗಲಿಲ್ಲ. ಆ ತಾರೀಕು ಬರುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ಮುಂದೂಡಲು ಬರೆದುಕೊಡಿ. ತಪ್ಪಿಸಿಕೊಂಡು ತಿರುಗಿದರೆ ಯಾರೂ ಮುಂದೂಡುವುದಿಲ್ಲ.

*ವಸೂಲಿಯವರು ಹೊತ್ತಲ್ಲದ ಹೊತ್ತಿಗೆ ಬಂದರೆ:* ಕಿರುಸಾಲಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ಪೀಡಿಸುವಂತಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ತಂದ ಕಿರುಸಾಲ ಕಿರುಕುಳ ತಡೆ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸ್ ಠಾಣೆಗೆ ಅವ್ವ ಒಬ್ಬಳೇ ಹೋಗತಕ್ಕದ್ದಲ್ಲ. ಚಾಪೆಯ ಮೇಲೆ ಕೂತಿದ್ದವರೆಲ್ಲ ಹೋಗತಕ್ಕದ್ದು.

*ಕುರುಗೋಡಿನ ದೊಡ್ಡಬಸವೇಶ್ವರನ ತೇರು ಬಂದರೆ:* ಬೀಗರು ಬರುತ್ತಾರೆ. ಊಟ ಹಾಕಿ. ಎಲ್ಲರಿಗೂ ಹೊಸ ಬಟ್ಟೆ ಈ ವರ್ಷ ಬೇಡ. ಬಸವಣ್ಣ ಬೇಜಾರು ಮಾಡಿಕೊಳ್ಳುವುದಿಲ್ಲ, ಚಿಗವ್ವ ಮಾಡಿಕೊಳ್ಳುತ್ತಾಳೆ, ಅದನ್ನು ಸಹಿಸಿಕೊಳ್ಳಿ.

ಬಂದ್ ಮಾಡುವ ಕ್ರಮ

ಕೊನೆಯ ಕಂತು ಕಟ್ಟಿ ಪೇಢೆ ಹಂಚುವ ಮೊದಲು ಕಾಗದ ಬಿಡಿಸಿಕೊಳ್ಳಿ. ಬ್ಯಾಂಕಿನವರು, ಫೈನಾನ್ಸಿನವರು ಆಸ್ತಿಪತ್ರ ಇಟ್ಟುಕೊಂಡಿದ್ದರೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ವಾಪಸ್ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರೇ ನಿಮಗೆ ಕೊಡಬೇಕು. ಸಾಲ ತೀರಿದೆ ಎಂಬ ಪತ್ರವನ್ನು ಸೀಲು ಹಾಕಿಸಿ ತನ್ನಿ. ಸಾಹುಕಾರರ ಹತ್ತಿರ ಸಹಿ ಮಾಡಿದ ಖಾಲಿ ಚೆಕ್ಕು, ಪ್ರೋನೋಟು ಇದ್ದರೆ ಎರಡನ್ನೂ ಕೈಗೆ ಈಸಿಕೊಳ್ಳಿ. "ನಾಳೆ ಕೊಡ್ತೀನಿ ಹೋಗಪ್ಪ, ಎಲ್ಲೋ ಇಟ್ಟೀನಿ" ಎಂದರೆ ಕೊನೆಯ ಕಂತನ್ನೂ ನಾಳೆಯೇ ಕೊಡಿ.