ನೀಲಿ ಹಾಕಿದ ಸಂಜೆ

ಸೂರ್ಯನು ಜಗತ್ತಿಗೆಲ್ಲ ಒಬ್ಬನೇ ಆದರೂ, ಮಧ್ಯಾಹ್ನ ಹನ್ನೆರಡಕ್ಕೆ ಮನುಷ್ಯನ ಮುಖದ ಮೇಲೆ ಅವನು ತೋರುವ ನಿಷ್ಕರುಣೆಗೂ ಸಂಜೆ ಆರಕ್ಕೆ ತೋರುವ ದಾಕ್ಷಿಣ್ಯಕ್ಕೂ ಎಷ್ಟು ಅಂತರವೆಂಬುದನ್ನು ಕ್ಯಾಮರಾ ಹಿಡಿದವರೇ ಬಲ್ಲರು. ಮಧ್ಯಾಹ್ನದ ಬಿಸಿಲು ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿಗಳನ್ನೂ ಮೂಗಿನ ಕೆಳಗೆ ಇಲ್ಲದ ಮೀಸೆಯನ್ನೂ ಬರೆದುಬಿಡುತ್ತದೆ. ಸಂಜೆಯ ಬೆಳಕಾದರೋ, ವಾಯುಮಂಡಲದ ದೀರ್ಘಪಥದಲ್ಲಿ ತನ್ನ ನೀಲಾಂಶವನ್ನು ಚೆದರಿಸಿ ಕಳೆದುಕೊಂಡು, ಉಳಿದ ಹೊನ್ನನ್ನಷ್ಟೇ ಹೊತ್ತು, ನಮ್ಮ ಕೆನ್ನೆಯ ಮಟ್ಟಕ್ಕೆ ಬಾಗಿ ಬರುತ್ತದೆ. ಆದಕಾರಣ, ಸಾವಿರ ಹುಣ್ಣಿಮೆಗಳನ್ನು ಕಂಡು ಮುಗಿಸಿದ ದೊಡ್ಡಪ್ಪನವರ ಸಹಸ್ರಚಂದ್ರದರ್ಶನದ ಆಹ್ವಾನಪತ್ರಿಕೆಗೆ ದಂಪತಿಗಳ ಭಾವಚಿತ್ರವೊಂದು ಬೇಕೆಂದಾಗ, ಆ ಭಾರವನ್ನು ನಾನೇ ವಹಿಸಿಕೊಂಡು, ಇಬ್ಬರನ್ನೂ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಗೆ ಕರೆದೊಯ್ದೆನು.

ಗೋಧೂಳಿ ಮುಹೂರ್ತವು ಪುರೋಹಿತನಿಗಿಂತ ಛಾಯಾಗ್ರಾಹಕನನ್ನೇ ಹೆಚ್ಚು ಅವಸರಪಡಿಸತಕ್ಕದ್ದು. ಸೂರ್ಯನು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಜಾರುತ್ತಾನೆ. ನಮ್ಮ ಅಕ್ಷಾಂಶದಲ್ಲಂತೂ ಹಗ್ಗ ಜಾರಿದ ಕೊಡ ಬಾವಿಗೆ ಇಳಿಯುವಂತೆ ಹೆಚ್ಚುಕಡಮೆ ನೆಟ್ಟಗೇ ಇಳಿದುಬಿಡುತ್ತಾನೆ. ದೊಡ್ಡಮ್ಮ ಸೆರಗು ಸರಿಪಡಿಸಿಕೊಳ್ಳುವುದಕ್ಕೆ ಎರಡು ಡಿಗ್ರಿಯೂ, ಕನ್ನಡಕ ಇರಬೇಕೋ ಬೇಡವೋ ಎಂಬ ದೊಡ್ಡಪ್ಪನವರ ಮೀಮಾಂಸೆಗೆ ಒಂದು ಡಿಗ್ರಿಯೂ ವ್ಯಯವಾಗಲು, ಉಳಿದ ಎಂಟು ನಿಮಿಷಗಳಲ್ಲಿ ನಲವತ್ತು ಚಿತ್ರಗಳನ್ನು ತೆಗೆದೆನು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಇಬ್ಬರೂ ಹೊಂಬಣ್ಣದಲ್ಲಿ ಮಿಂದಿದ್ದರು. ಹಿಗ್ಗಿನಿಂದ ದೊಡ್ಡಮ್ಮನನ್ನು ಕರೆದೆ. ಅವರು ತಮ್ಮ ಮುಖವನ್ನಾಗಲಿ ಪತಿಯ ಮುಖವನ್ನಾಗಲಿ ನೋಡದೆ, ನೇರವಾಗಿ ಕೆಳಕ್ಕೆ ದೃಷ್ಟಿಯಿಟ್ಟು, “ಇದೇನೋ, ನಿಮ್ಮ ದೊಡ್ಡಪ್ಪನ ಪಂಚೆ ಅರಿಸಿನದ ನೀರಿನಲ್ಲಿ ಅದ್ದಿದ ಹಾಗಿದೆಯಲ್ಲ?” ಎಂದರು. ಅದು ಕೊಳೆಯಲ್ಲ, ಸಂಧ್ಯಾರಾಗವೆಂದು ಬಿನ್ನವಿಸಿದೆ. “ರಾಗವೋ ತಾಳವೋ, ಐವತ್ತು ವರ್ಷ ನೀಲಿ ಹಾಕಿ ಒಗೆದ ಕೈ ಇದು. ನಾಲ್ಕು ಜನ ನೋಡುವ ಪತ್ರಿಕೆ” ಎಂದು ಒಳಗೆ ಹೋದರು.

ಆ ರಾತ್ರಿ ನನ್ನ ತಿದ್ದುಪಡಿ ಆರಂಭವಾಯಿತು. ಚಿತ್ರ ತಿದ್ದುವ ತಂತ್ರಾಂಶದಲ್ಲಿ ವೈಟ್ ಬ್ಯಾಲೆನ್ಸ್ ಎಂಬ ಉಪಾಯವೊಂದಿದೆ: ಇದು ಬಿಳಿ ಎಂದು ಒಂದು ಚುಕ್ಕೆಯನ್ನು ಮುಟ್ಟಿ ತೋರಿಸಿದರೆ, ಅದನ್ನೇ ಪ್ರಮಾಣವಾಗಿ ಹಿಡಿದು ಉಳಿದೆಲ್ಲ ಬಣ್ಣಗಳನ್ನೂ ಅದು ಸರಿಪಡಿಸುತ್ತದೆ. ಬಿಸಿಲು ಬಿದ್ದ ಪಂಚೆಯನ್ನು ಮುಟ್ಟಿದೆ. ಪಂಚೆ ಬೆಳ್ಳಗಾಯಿತು, ಅದರೊಡನೆ ಸಂಜೆಯೂ ತೊಳೆದುಹೋಗಿ ಇಬ್ಬರೂ ರೇಷನ್ ಕಾರ್ಡಿನ ದಂಪತಿಗಳಾದರು. ನೆರಳಿನ ನೆರಿಗೆಯನ್ನು ಮುಟ್ಟಿದೆ. ಅಲ್ಲಿ ಆಕಾಶದ ನೀಲಿಗೆ ದೊಡ್ಡಮ್ಮನ ನೀಲಿಯೂ ಕೂಡಿಕೊಂಡಿದ್ದುದರಿಂದ, ನೀಲಿ ಅತಿಯಾಯಿತೆಂದು ತೀರ್ಮಾನಿಸಿದ ಯಂತ್ರವು ಹಳದಿಯನ್ನು ಸುರಿಯಲು, ಇಬ್ಬರಿಗೂ ಏಕಕಾಲದಲ್ಲಿ ಕಾಮಾಲೆಯಾಯಿತು. ಕೈಯಿಂದಲೇ ತಿದ್ದೋಣವೆಂದರೆ ಬೆಳಕಿನ ಬಣ್ಣವನ್ನು ಶಾಖದಲ್ಲಿ ಅಳೆಯುವ ಕೆಲ್ವಿನ್ ಲೆಕ್ಕ ಅಡ್ಡಬಂದಿತು: ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಕಡಮೆ ಕಾದಾಗ ಕೆಂಪು, ಹೆಚ್ಚು ಕಾದಾಗ ಬಿಳುಪು, ಆ ನ್ಯಾಯದಿಂದ ನಡುಹಗಲಿನ ಬೆಳಕಿಗೆ ಸುಮಾರು 5500, ನಾವು ಬೆಚ್ಚಗೆಂದು ಮುದ್ದುಮಾಡುವ ಸಂಜೆಗೆ ಅದರ ಅರ್ಧದಷ್ಟು. ಹಾಗೆಂದು ಅಂಕಿಯನ್ನು ಇಳಿಸಿದರೆ, ಬೆಳಕು ಹಳದಿಯಿತ್ತೆಂದು ನಂಬಿದ ಯಂತ್ರವು ಪರಿಹಾರಾರ್ಥವಾಗಿ ಚಿತ್ರಕ್ಕೆಲ್ಲ ನೀಲಿ ಬೆರೆಸುತ್ತದೆ!

ನೀಲಿ ಬೆರೆಸುತ್ತದೆ! ರಾತ್ರಿ ಒಂದು ಗಂಟೆಗೆ ನನಗೆ ಜ್ಞಾನೋದಯವಾಯಿತು. ಹಳೆಯ ಬಟ್ಟೆ ಹಳದಿಗೆ ತಿರುಗಿದಾಗ ಬಕೆಟ್ಟಿಗೆ ಎರಡು ತೊಟ್ಟು ನೀಲಿ ಬಿಟ್ಟು ಕಣ್ಣಿಗೆ ಬಿಳುಪನ್ನು ನಂಬಿಸುವ ವಿದ್ಯೆಗೂ ಇದಕ್ಕೂ ಏನು ಭೇದ? ಯಾವ ಶಾಸ್ತ್ರಕ್ಕಾಗಿ ನಾನು ನಿದ್ದೆಗೆಟ್ಟೆನೋ ಅದನ್ನು ದೊಡ್ಡಮ್ಮ ಅರ್ಧ ಶತಮಾನದಿಂದ ಬಚ್ಚಲುಮನೆಯಲ್ಲಿ ಆಚರಿಸುತ್ತಲೇ ಬಂದಿದ್ದರು. ಮೇಲಾಗಿ, ಪಂಚೆಗೆ ಹಾಕಬೇಕಾದ ನೀಲಿಯನ್ನು ಅವರು ಒಮ್ಮೆಯೂ ಪತಿಯ ಮುಖಕ್ಕೆ ಎರಚಿದವರಲ್ಲ.

ಆ ವಿವೇಕವನ್ನೇ ಅನುಸರಿಸಿ, ಪಂಚೆಯೊಂದನ್ನೇ ಅಂಚಿನುದ್ದಕ್ಕೂ ಗೆರೆ ಕಟ್ಟಿ ಬೇರ್ಪಡಿಸಿ, ಅದಕ್ಕೆ ಮಾತ್ರ ನೀಲಿ ಹಾಕಿದೆ. ಮೊದಲು ಕೈ ಹೆಚ್ಚಾಗಿ, ದೊಡ್ಡಪ್ಪನವರಿಗೆ ಸೊಂಟದ ಮೇಲೆ ಸೂರ್ಯಾಸ್ತವೂ ಕೆಳಗೆ ನಡುಹಗಲೂ ಪ್ರಾಪ್ತವಾದವು. ತಗ್ಗಿಸಿ ತಗ್ಗಿಸಿ, ಬೆಳಗಾಗುವ ಹೊತ್ತಿಗೆ ಹದಕ್ಕೆ ತಂದೆನು.

ಸಮಾರಂಭದ ದಿನ ಅದೇ ಚಿತ್ರವನ್ನು ದೊಡ್ಡದು ಮಾಡಿಸಿ ಛತ್ರದ ಬಾಗಿಲಲ್ಲಿ ನಿಲ್ಲಿಸಿದ್ದರು. ಹೊನ್ನಿನ ಬೆಳಕನ್ನು ಯಾರಾದರೂ ಹೊಗಳಿಯಾರೆಂದು ನಾನು ಬಹಳ ಹೊತ್ತು ಪನ್ನೀರುದಾನಿ ಹಿಡಿದು ಅಲ್ಲಿಯೇ ಸುಳಿದಾಡಿದೆ. ಕೊನೆಗೆ ವೃದ್ಧೆಯೊಬ್ಬರು ನಿಂತು, ಕಣ್ಣು ಕಿರಿದುಮಾಡಿ ನೋಡಿ, “ಪಂಚೆ ಎಷ್ಟು ಬೆಳ್ಳಗಿದೆ! ಎಷ್ಟು ನೀಲಿ ಹಾಕುತ್ತೀರಮ್ಮ?” ಎಂದು ಕೇಳಿದರು.

ದೊಡ್ಡಮ್ಮ ನನ್ನ ಕಡೆಗೆ ತಿರುಗಿಯೂ ನೋಡದೆ, ಅತ್ಯಂತ ವಿನಯದಿಂದ, “ಎರಡೇ ತೊಟ್ಟು” ಎಂದರು.