ಹುಟ್ಟಿದ ಸ್ಥಳ

ಜೂನ್, ಜುಲೈ ಬಂತೆಂದರೆ ಮಲ್ಪೆಯಲ್ಲಿ ಬೇಲಿ ಬದಿಯ ಮಾತು ಜಾಸ್ತಿ. ಮೀನುಗಾರಿಕೆಯ ಬೋಟುಗಳಿಗೆ 61 ದಿನ ರಜೆ. ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಗಂಡಸರು ಬಲೆ ಹರಡಿಕೊಂಡು ಕೂತರೆ, ಮಳೆ ಸ್ವಲ್ಪ ಹೊಳವಾದ ಕೂಡಲೇ ನಾವು ದಾಸವಾಳದ ಬೇಲಿಗೆ ಬರುತ್ತೇವೆ.

ಮೊನ್ನೆ ಆಚೆಮನೆಯ ಅಕ್ಕ ಸೆರಗಿನೊಳಗೆ ಒಂದು ಕಾಗದ ಮುಚ್ಚಿಕೊಂಡು ಬಂದರು. "ಪುಳ್ಳಿಯ ಜನನ ಪತ್ರ ಮಾರಾಯ್ತಿ. ಅಕ್ಷರ ಎಲ್ಲ ಸರಿ ಉಂಟಾ ನೋಡು."

ನೋಡಿದೆ. ಮಗುವಿನ ಹೆಸರು ಸರಿ, ತಂದೆ ತಾಯಿ ಸರಿ. ಹುಟ್ಟಿದ ಸ್ಥಳ ಎಂಬಲ್ಲಿ ಉಡುಪಿಯ ಸರ್ಕಾರಿ ಹೆರಿಗೆ ಆಸ್ಪತ್ರೆ. ಅದರ ಹೆಸರಿನಲ್ಲಿದ್ದ 'ಹಾಜಿ ಅಬ್ದುಲ್ಲಾ' ಎಂಬ ಎರಡು ಶಬ್ದಗಳ ಮೇಲೆ ನನ್ನ ಬೆರಳು ನಿಂತಿತು.

"ಇದು ಯಾರ ಹೆಸರು ಗೊತ್ತುಂಟಾ ಅಕ್ಕ?"

"ಯಾರದ್ದು ಅಂದ್ರೆ? ಆಸ್ಪತ್ರೆದು."

ಅಕ್ಕನ ಮೂರು ಹೆರಿಗೆಯೂ ಅಲ್ಲೇ ಆದದ್ದು. ನೋವು ಶುರುವಾದಾಗ ಮನೆಯವರು ರಿಕ್ಷಾದವನಿಗೆ ಕೂಗಿ ಹೇಳಿದ್ದೂ ಆ ಹೆಸರನ್ನೇ. ಹಾಗೆ ಹೇಳಿ ಹೇಳಿ ಹೆಸರು ಜಾಗದ್ದೇ ಆಗಿಬಿಟ್ಟಿದೆ, ಒಳಗಿದ್ದ ಮನುಷ್ಯ ಮರೆಯಾಗಿದ್ದಾರೆ. ನನಗೆ ಸಂಕಟವಾಯಿತು. ಕೊಡೆ ಬಿಡಿಸಿಕೊಂಡು ಅಲ್ಲೇ ನಿಂತೆ.

"ಅಕ್ಕ, ಅವರು ಉಡುಪಿಯ ಸಾಹುಕಾರರು. ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್. ಪೇಟೆಯ ನಡುವಿನ ಆ ಜಾಗವನ್ನು ಊರಿನ ಆಸ್ಪತ್ರೆಗೆಂದು ಬಿಟ್ಟುಕೊಟ್ಟವರು ಅವರು. ನಾವು ಹೊಟ್ಟೆ ಹಿಡಿದುಕೊಂಡು ಹತ್ತಿದ ಮೆಟ್ಟಿಲು ಅವರ ನೆಲದ್ದು."

ಅಕ್ಕ ಮಾತಾಡಲಿಲ್ಲ. ನಾನು ಬ್ಯಾಂಕಿನ ಕತೆ ತೆಗೆದೆ. ಕಾರ್ಪೊರೇಷನ್ ಬ್ಯಾಂಕ್ ಯಾರಿಗೆ ಗೊತ್ತಿಲ್ಲ? 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಅದನ್ನು ಶುರು ಮಾಡಿದವರು, ಮೊದಲ ಅಧ್ಯಕ್ಷರಾದವರು ಇದೇ ಹಾಜಿಯವರು. ಆಗ ಅದರ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬರೆದಿಟ್ಟಿದ್ದಾರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಯಾರೋ ಬಡವರು ಬೆವರು ಸುರಿಸಿ ತಂದ ಪೈ ಅದು ಎಂಬ ಮರ್ಯಾದೆ ಅದರಲ್ಲಿದೆ.

ಅದು ಸ್ವದೇಶಿ ಚಳವಳಿಯ ಕಾಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್ ತೆರೆದದ್ದೂ ಅದೇ ವರ್ಷ. ಹಾಜಿಯವರ ಕಡೆಯಿಂದ ಹೊರಟ ಮೊದಲ ಮನವಿಯಲ್ಲಿ, ಜಾತಿ ಮತ ನೋಡದೆ ಎಲ್ಲ ವರ್ಗದ ಜನರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದೇ ಉದ್ದೇಶ, ದೇಶದ ಮೇಲೆ ಪ್ರೀತಿಯಿದ್ದವರೆಲ್ಲ ಕೈಜೋಡಿಸಬೇಕು ಎಂಬ ಮಾತಿತ್ತು. ಆ ಮಾತು ಹೊರಟದ್ದು ರಥಬೀದಿಯ ಊರಿನಲ್ಲಿ, ಒಬ್ಬ ಮುಸ್ಲಿಂ ವ್ಯಾಪಾರಿಯ ಮುಂದಾಳತ್ವದಲ್ಲಿ. ಕೇಳಿದ ಊರಿನವರು ದುಡ್ಡು ತಂದಿಟ್ಟರು.

"ಕೃಷ್ಣ ಮಠದ ಲಕ್ಷದೀಪಕ್ಕೆ ಒಮ್ಮೆ ಎಣ್ಣೆ ಕಮ್ಮಿಯಾದಾಗ ಕಳಿಸಿಕೊಟ್ಟದ್ದು ಒಬ್ಬರು ಮುಸ್ಲಿಂ ಸಾಹುಕಾರರು ಅಂತ ನಮ್ಮಜ್ಜಿ ಹೇಳ್ತಿದ್ರು," ಅಕ್ಕ ತಟ್ಟನೆ ಅಂದರು. "ಇವರೇನಾ?"

"ಹಿರಿಯರು ಹೇಳುವುದು ಇವರ ಹೆಸರನ್ನೇ."

"ಅಜ್ಜಿ ಹೆಸರು ಹೇಳಿರಲಿಲ್ಲ ನೋಡು."

ಹೆಸರು ಹೀಗೇ ಜಾರುವುದು. ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು, ಪಾಸ್ ಪುಸ್ತಕದ ರಟ್ಟು ಬದಲಾಯಿತು. ಆಸ್ಪತ್ರೆಗೆ 2017ರಲ್ಲಿ ಹೊಸ ಕಟ್ಟಡ ಬಂದಾಗ ಕೂಸಮ್ಮ ಶಂಭು ಶೆಟ್ಟಿಯವರ ಹೆಸರು ಸೇರಿತು. ಹಾಜಿಯವರದ್ದೂ ಉಳಿಯಿತು. ಎರಡೂ ಇರಲಿ, ಯಾರೂ ಯಾರ ಜಾಗವನ್ನೂ ಕಸಿಯಬೇಕಿಲ್ಲ. ಆದರೆ ಉದ್ದದ ಹೆಸರನ್ನು ಬಾಯಿ ಮೊಟಕು ಮಾಡುತ್ತದೆ. ಮೊಟಕು ಮಾಡುವಾಗ ಬಿದ್ದುಹೋಗುವುದು ಹಳಬರದ್ದು. ಹಾಜಿಯವರು ತೀರಿಕೊಂಡು ಎಂಬತ್ತು ವರ್ಷದ ಮೇಲಾಯಿತು, ಕಂಡವರು ಯಾರೂ ಇಲ್ಲ. ಅಲ್ಲಿ ಹೆತ್ತ ನಾವಾದರೂ ಹೇಳಬೇಕಲ್ಲ?

ಅಕ್ಕ ಕಾಗದವನ್ನು ವಾಪಸು ತೆಗೆದುಕೊಂಡು ಸ್ವಲ್ಪ ದೂರ ಹಿಡಿದರು. ಕನ್ನಡಕ ತಂದಿರಲಿಲ್ಲ. "ಎಲ್ಲಿ, ಯಾವ ಸಾಲು?" ಅಂದರು. ತೋರಿಸಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಅವರ ಮನೆ ಈಗ ಉಂಟಾ?"

"ಉಂಟು, ಉಡುಪಿಯಲ್ಲೇ. ಬ್ಯಾಂಕಿನವರು ಅದನ್ನು ನಾಣ್ಯಗಳ ಮ್ಯೂಸಿಯಂ ಮಾಡಿದ್ದಾರೆ. ಸಾವಿರಾರು ವರ್ಷ ಹಳೆಯ ನಾಣ್ಯ ಎಲ್ಲ ಇಟ್ಟಿದ್ದಾರೆ."

"ಹಾಗಾದ್ರೆ ಬೋಟು ಇಳಿಯುವ ಮೊದಲು ಮಕ್ಕಳನ್ನು ಕಟ್ಟಿಕೊಂಡು ಹೋಗುವಾ. ಆಗಸ್ಟ್ ಬಂದ್ರೆ ನನಗೆ ಪುರ್ಸೊತ್ತಿಲ್ಲ." ಮಳೆ ಮತ್ತೆ ಹಿಡಿಯಿತು. ಕಾಗದ ಸೆರಗಿನೊಳಗೆ ಹೋಯಿತು. ಜಗುಲಿ ಹತ್ತುವಾಗ ಅಕ್ಕ ಒಳಗಿದ್ದ ಸೊಸೆಯನ್ನು ಕರೆಯುವುದು ಕೇಳಿಸಿತು: "ಇಲ್ಲಿ ಬಾ ಹೆಣ್ಣೇ, ನಿನ್ನ ಮಗು ಹುಟ್ಟಿದ ಜಾಗ ಯಾರು ಕೊಟ್ಟದ್ದು ಗೊತ್ತುಂಟಾ ನಿನಗೆ?"